ಲಗೋರಿ, ಲೆವೆಲ್ 2

ನಮ್ಮ ಕಾಲದಲ್ಲಿ ಏಪ್ರಿಲ್ 10 ಅಂದರೆ ಪಾಸು-ಫೇಲು ಗೊತ್ತಾಗುವ ದಿನ. ಹನ್ನೊಂದಕ್ಕೆ ಕೆಂಪು ಬಸ್ಸು, ಹನ್ನೆರಡಕ್ಕೆ ಅಜ್ಜಿ ಊರಿನ ಮಾವಿನ ಮರ. ಈಗ ಅದು ಬೇಸಿಗೆ ಶಿಬಿರಗಳ ‘ಅರ್ಲಿ ಬರ್ಡ್ ಆಫರ್’ ಮುಗಿಯುವ ದಿನ.

ಸರ್ಜಾಪುರ ರಸ್ತೆಯಲ್ಲಿರುವ ನನ್ನ ತಂಗಿ ತನ್ನ ಒಂಬತ್ತು ವರ್ಷದ ಮಗಳನ್ನು ‘ಹಳ್ಳಿ ಬದುಕಿನ ಅನುಭವ’ ಕೊಡಿಸುವ ಶಿಬಿರಕ್ಕೆ ಹಾಕಿದಳು. ಹತ್ತು ದಿನಕ್ಕೆ ಹನ್ನೆರಡು ಸಾವಿರ, ಮೇಲೆ ಶೇ 18 ಜಿಎಸ್‌ಟಿ. ಹಳ್ಳಿ ಇರುವುದು ಮೂರನೇ ಮಹಡಿಯಲ್ಲಿ, ಎ.ಸಿ. ಹಾಲಿನಲ್ಲಿ.

ಅಲ್ಲಿ ಲಗೋರಿಗೆ ಫೋಮಿನ ಕಲ್ಲು, ಸ್ಪಂಜಿನ ಚೆಂಡು. ಆದರೂ ಪೆಟ್ಟಾದರೆ ತಾವು ಹೊಣೆಯಲ್ಲ ಅಂತ ಎರಡು ಪುಟದ ಮುಚ್ಚಳಿಕೆಗೆ ಅಪ್ಪ-ಅಮ್ಮ ಇಬ್ಬರ ಸಹಿ. ಬೆನ್ನಿಗೆ ಬಾರಿಸುವುದೇ ಆಟದ ಮಜಾ ಅಲ್ಲವೇ? ಇಲ್ಲಿ ಚೆಂಡನ್ನು ಮೆಲ್ಲಗೆ ತಾಗಿಸಿ ‘ಸಾರಿ’ ಅನ್ನಬೇಕು. ಏಳು ಕಲ್ಲು ಬೀಳಿಸಿದರೆ ‘ರಿಸ್ಕ್ ಟೇಕಿಂಗ್’, ಜೋಡಿಸಿದರೆ ‘ಟೀಮ್ ಬಿಲ್ಡಿಂಗ್’. ಚಿನ್ನಿದಾಂಡು ಕಣ್ಣಿಗೆ ಅಪಾಯವಂತೆ. ಅದರ ಪಿಪಿಟಿ ಮಾತ್ರ ತೋರಿಸುತ್ತಾರೆ.

ಶಿಬಿರಗಳೆಲ್ಲ ಹೀಗೇ ಅಂದರೆ ನಾಲಿಗೆಗೆ ಪಾಪ ಸುತ್ತಿಕೊಂಡೀತು. ಮೈಸೂರಿನಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದ ಚಿಣ್ಣರ ಮೇಳದಲ್ಲಿ ಮಕ್ಕಳು ಬೇಸಿಗೆಯಿಡೀ ಗಲಾಟೆ ಮಾಡಿ ಕೊನೆಗೊಂದು ನಾಟಕವನ್ನೂ ಆಡುತ್ತಾರೆ. ಅಲ್ಲಿ ಗಲಾಟೆಗೆ ಇಂಗ್ಲಿಷ್ ಹೆಸರಿಟ್ಟಿಲ್ಲ, ಅಷ್ಟೇ.

ಮೂರನೇ ದಿನ ಮೊಮ್ಮಗಳನ್ನು ಬಿಡಲು ನಮ್ಮಮ್ಮ ಹೋಗಿದ್ದರು. ಮಿಸ್ಸು ಮೊಬೈಲು ನೋಡಿಕೊಂಡು ಚೌಕಾಬಾರ ಕಲಿಸುತ್ತಿದ್ದರಂತೆ. ಅಮ್ಮನಿಗೆ ತಡೆಯಲಾಗಲಿಲ್ಲ. “ಅಯ್ಯೋ, ಒಂದು ಕಾಯಾದ್ರೂ ಹೊಡೀದೆ ಒಳಗಿನ ಮನೆಗೆ ಹೋಗೋ ಹಾಗಿಲ್ಲ ಕಣಮ್ಮ!” ಅಂದರು. ಇಡೀ ಹಾಲ್ ಗಪ್‌ಚಿಪ್. ಕೋಆರ್ಡಿನೇಟರ್ ಓಡಿ ಬಂದು, “ಅಮ್ಮಾ, ನೀವು ನಮ್ಮ ರಿಸೋರ್ಸ್ ಪರ್ಸನ್ ಆಗ್ತೀರಾ?” ಅಂದರಂತೆ.

ಆದರು. ದಿನಕ್ಕೆ ಐನೂರು ರೂಪಾಯಿ. ಮನೆಯಲ್ಲಿ ಅಜ್ಜಿ ಪುಕ್ಕಟೆ ಹೇಳುವ ಕಥೆ ಕೇಳಲು ಈ ಹುಡುಗಿಗೆ ಪುರುಸೊತ್ತಿಲ್ಲ; ಸಂಜೆ ಅಬ್ಯಾಕಸ್ ಇರುತ್ತದೆ. ಶಿಬಿರದಲ್ಲಿ ಅದೇ ಅಜ್ಜಿ, ಅದೇ ಕಥೆ, ಕೊರಳಲ್ಲೊಂದು ಐಡಿ ಕಾರ್ಡು. “ಮಗಳು ಕಟ್ಟಿದ ದುಡ್ಡಲ್ಲಿ ಒಂದಷ್ಟು ಮನೆಗೇ ವಾಪಸ್ ಬಂತು ಬಿಡು,” ಅಂತ ಅಮ್ಮ ಲೆಕ್ಕ ಹಾಕಿದರು.

ಕೊನೆಯ ದಿನ ಸರ್ಟಿಫಿಕೇಟು: ‘ಲಗೋರಿ, ಲೆವೆಲ್ 1’. ಲ್ಯಾಮಿನೇಟ್ ಆಗಿ ಫೈಲು ಸೇರಿತು. ಅದು ಹನ್ನೊಂದನೆಯದು. ನಮ್ಮಪ್ಪನ ಹತ್ತಿರ ಬದುಕಿಡೀ ಇದ್ದದ್ದು ಎರಡೇ ಕಾಗದ: ಒಂದು ಪಹಣಿ, ಇನ್ನೊಂದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಎರಡನೆಯದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ಸಮಾರೋಪಕ್ಕೆ ಮುಂಚೆ ವೇಳಾಪಟ್ಟಿಯಲ್ಲಿ ಇನ್ನೊಂದು ಬಾಬತ್ತಿತ್ತು: ‘ಫ್ರೀ ಪ್ಲೇ, 45 ನಿಮಿಷ’. ಮಕ್ಕಳನ್ನು ಹಾಲಿನ ನಡುವೆ ಬಿಟ್ಟು ಮಿಸ್ಸು ಪಕ್ಕಕ್ಕೆ ಸರಿದರು. ಮೂವತ್ತು ಮಕ್ಕಳು ನಿಂತಲ್ಲೇ ನಿಂತವು. ಸ್ವಲ್ಪ ಹೊತ್ತಾದ ಮೇಲೆ ನಮ್ಮ ಹುಡುಗಿ ಕೈ ಎತ್ತಿದಳು:

“ಮಿಸ್, ಇದರಲ್ಲಿ ಏನ್ ಮಾಡ್ಬೇಕು?”