ಗೈಡ್ "ಸಾಕು, ಇಳಿಯೋಣ" ಅಂದರೆ ನಿಮ್ಮ ದುಡ್ಡು ದಂಡವಾಗಿಲ್ಲ

ಪ್ರತಿ ವರ್ಷ ಜುಲೈ, ಆಗಸ್ಟ್ ಬಂತೆಂದರೆ ಯುರೋಪಿನಲ್ಲಿರುವ ನಮ್ಮವರಿಂದ ಒಂದೇ ದೂರು ಕೇಳಿಬರುತ್ತದೆ. "ಎರಡು ಸಾವಿರ ಯೂರೋಗೂ ಜಾಸ್ತಿ ಕಟ್ಟಿದೆವು. ಮಾಂಟ್ ಬ್ಲಾಂಕ್ ತುದಿ ಮುಟ್ಟಿಸಲೇ ಇಲ್ಲ. ಗೈಡ್ ಅರ್ಧ ದಾರಿಯಿಂದ ಇಳಿಸಿಬಿಟ್ಟ." ಕೆಲವರು ಸಿಟ್ಟಿನಲ್ಲಿ ಒಂದು ಸ್ಟಾರ್ ಕೊಟ್ಟು ರಿವ್ಯೂನೂ ಬರೆಯುತ್ತಾರೆ. ಓದಿದಾಗ ನನಗೆ ತುಂಬಾ ನೋವಾಗುತ್ತದೆ. ಆ ಗೈಡ್ ಮಾಡಿದ್ದು ಅವರ ಕೆಲಸದ ಅತಿ ಕಷ್ಟದ ಭಾಗ. ನಾವು ದುಡ್ಡು ಕೊಡುವುದೇ ಅದಕ್ಕೆ.

ಫ್ರಾನ್ಸ್, ಇಟಲಿ ಗಡಿಯ ಆಲ್ಪ್ಸ್ ಸಾಲಿನಲ್ಲಿರುವ ಈ ಬೆಟ್ಟದ ಎತ್ತರ ಸುಮಾರು 4806 ಮೀಟರ್. ತುದಿಯಲ್ಲಿರುವುದು ಹಿಮದ ಟೋಪಿ, ಹಾಗಾಗಿ ಅಳೆದಾಗಲೆಲ್ಲ ಎತ್ತರ ಸ್ವಲ್ಪ ಬದಲಾಗುತ್ತದೆ. ಹೆಚ್ಚಿನವರು ಹತ್ತುವುದು ಫ್ರಾನ್ಸ್ ಕಡೆಯ ಗೂಟೆ ದಾರಿಯಲ್ಲಿ. ಟ್ರಾಮ್ ಹತ್ತಿ 2372 ಮೀಟರ್‌ವರೆಗೆ ಕೂತೇ ಹೋಗಬಹುದು. ಅಲ್ಲಿಂದ ನಡೆದು 3167 ಮೀಟರ್‌ನಲ್ಲಿರುವ ತೇತ್ ರೂಸ್ ಹಟ್, ಅಂದರೆ ಹತ್ತುವವರು ತಂಗುವ ಮನೆ. ಆಮೇಲೆ ಕಡಿದಾದ ಬಂಡೆ ಹತ್ತಿ 3835 ಮೀಟರ್‌ನ ಗೂಟೆ ಹಟ್. ಮರುದಿನ ನಡುರಾತ್ರಿ ಕಳೆದ ಮೇಲೆ ಹೊರಟು ತುದಿಗೆ. ಕೇಳೋಕೆ ಸುಲಭ ಅನಿಸುತ್ತದೆ, ಅಲ್ವಾ? ಕುಮಾರ ಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದವರು "ಇದೂ ಆಗುತ್ತೆ ಬಿಡಿ" ಅನ್ನುತ್ತಾರೆ. ಕಾಲಿನ ಶಕ್ತಿ ಅವರಿಗೆ ಖಂಡಿತ ಇರುತ್ತದೆ. ಆದರೆ ಇಲ್ಲಿ ಜನ ಸಾಯುವುದು ಬರೀ ಕಾಲು ಸೋತು ಅಲ್ಲ.

ತೇತ್ ರೂಸ್ ದಾಟಿದ ಮೇಲೆ ಒಂದು ಕಡಿದಾದ ಕೊರಕಲು ಬರುತ್ತದೆ. ಅದನ್ನು ಅಡ್ಡ ದಾಟಬೇಕು. ಅಗಲ ನೂರು ಮೀಟರ್ ಆಸುಪಾಸು, ಅಷ್ಟೇ. ಮೇಲಿನ ಬಂಡೆಗಳ ಬಿರುಕುಗಳಲ್ಲಿ ಸೇರಿಕೊಂಡ ಹಿಮ ಗಟ್ಟಿಯಾಗಿರುವವರೆಗೆ ಕಲ್ಲುಗಳು ಅಲ್ಲೇ ಹಿಡಿದುಕೊಂಡಿರುತ್ತವೆ. ಬಿಸಿಲು ಏರಿದಂತೆ ಹಿಮ ಕರಗುತ್ತದೆ, ಕಲ್ಲು ಸಡಿಲವಾಗಿ ಉರುಳುತ್ತವೆ. ಈ ಕೊರಕಲು ಮತ್ತು ಅದರ ಮೇಲಿನ ಬಂಡೆ ದಾರಿ ಸೇರಿ, 1990ರಿಂದ 2017ರವರೆಗೆ ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಅದಕ್ಕೇ ಗೈಡ್‌ಗಳು ಬೆಳಕು ಹರಿಯುವ ಮುಂಚೆಯೇ ಇದನ್ನು ದಾಟಿಸಲು ನೋಡುತ್ತಾರೆ. ರಾತ್ರಿಯೂ ಚಳಿ ಬೀಳದಿದ್ದರೆ ಆ ಲೆಕ್ಕವೂ ಕೈಕೊಡುತ್ತದೆ. 2022ರ ಜುಲೈನಲ್ಲಿ ಆದದ್ದು ಅದೇ. ಬಿಸಿಗಾಳಿ ಎಷ್ಟಿತ್ತೆಂದರೆ ಗೈಡ್ ಸಂಸ್ಥೆಗಳೇ ಈ ದಾರಿಯ ಪ್ರವಾಸ ನಿಲ್ಲಿಸಿದವು. ಸೀಸನ್ ಮಧ್ಯದಲ್ಲಿ ತಮ್ಮ ಹೊಟ್ಟೆಪಾಡನ್ನೇ ನಿಲ್ಲಿಸಿಕೊಳ್ಳುವುದು ಸಣ್ಣ ಮಾತಲ್ಲ.

ನನ್ನನ್ನೂ ಗೈಡ್ ತೇತ್ ರೂಸ್‌ನಿಂದಲೇ ಇಳಿಸಿದ್ದಾರೆ. ಅವತ್ತು ಕತ್ತಲಲ್ಲೇ ಅವರು ಹಟ್‌ನಿಂದ ಹೊರಗೆ ಹೋಗಿ ತುಂಬಾ ಹೊತ್ತು ಸುಮ್ನೆ ನಿಂತು ಕಿವಿಗೊಟ್ಟರು. ಕಲ್ಲು ಬೀಳುವ ಸದ್ದು ನಮಗೂ ಕೇಳುತ್ತಿತ್ತು. ನನ್ನ ಹಗ್ಗಕ್ಕೆ ಕಟ್ಟಿಕೊಳ್ಳಬೇಕಿದ್ದ ಹುಬ್ಬಳ್ಳಿ ಹುಡುಗ ಮೆಲ್ಲಗೆ, "ಅಣ್ಣಾ, ಇನ್ನೊಂದ್ ತಾಸು ಕಾದು ನೋಡೂಣು ಅಂತ ಹೇಳ್ರಿ" ಅಂದ. ಹೇಳಿದೆ. "ಇನ್ನೊಂದು ಗಂಟೆ ಕಳೆದರೆ ಬಿಸಿಲು ಹತ್ತಿರವಾಗುತ್ತದೆ, ಕಲ್ಲು ಕಡಿಮೆಯಾಗುವುದಿಲ್ಲ" ಅಂದರು ಗೈಡ್. ಮಾತು ಅಷ್ಟೇ. ಬೂಟು ಕಟ್ಟಿಕೊಂಡು ಇಳಿದೆವು. ಆ ತೀರ್ಮಾನ ತೆಗೆದುಕೊಳ್ಳುವಷ್ಟು ಕಿವಿ ನನಗಿರಲಿಲ್ಲ, ಆ ಹುಡುಗನಿಗೂ ಇರಲಿಲ್ಲ. ಅವರಿಗಿತ್ತು. ಅಷ್ಟಕ್ಕೇ ಆ ದುಡ್ಡು ಸಾರ್ಥಕ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಗೈಡ್ ಮಾತನ್ನು ಪಕ್ಕಕ್ಕೆ ಸರಿಸಿದರೆ ಏನಾಗುತ್ತದೆ ಎನ್ನುವುದಕ್ಕೆ ಈ ಬೆಟ್ಟದ ಚರಿತ್ರೆಯಲ್ಲೇ ಉತ್ತರ ಇದೆ. ಇದನ್ನು ಮೊದಲು ಹತ್ತಿದ್ದು 1786ರಲ್ಲಿ, ಬೆಟ್ಟದ ಬುಡದ ಶಾಮೊನಿ ಊರಿನ ಜಾಕ್ ಬಾಲ್ಮಾ ಮತ್ತು ಡಾಕ್ಟರ್ ಪಕಾರ್. ಆಮೇಲೆ ಹೊರಗಿನ ಸಿರಿವಂತರು ಬರತೊಡಗಿದರು, ಊರಿನವರು ದಾರಿ ತೋರಿಸತೊಡಗಿದರು. 1820ರ ಆಗಸ್ಟ್‌ನಲ್ಲಿ ರಷ್ಯಾದಿಂದ ಬಂದ ಡಾಕ್ಟರ್ ಹಾಮೆಲ್ ಒಂದು ತಂಡ ಕಟ್ಟಿಕೊಂಡು ಹೊರಟರು. ಹವೆ ಕೆಟ್ಟಿತ್ತು. ಗೈಡ್‌ಗಳಿಗೆ ಇಳಿಯುವ ಮನಸ್ಸಿತ್ತು. ಹಾಮೆಲ್ ಒಪ್ಪಲಿಲ್ಲ. ಮೇಲೆ ಹಿಮ ಜಾರಿ ಮೂವರು ಗೈಡ್‌ಗಳು ಬಿರುಕಿನಲ್ಲಿ ಹೂತುಹೋದರು. ಹಾಮೆಲ್ ಬದುಕಿ ಬಂದರು.

ಮರುವರ್ಷ, 1821ರಲ್ಲಿ, ಶಾಮೊನಿಯ ಗೈಡ್‌ಗಳು ಸೇರಿ ಒಂದು ಸಂಘ ಕಟ್ಟಿದರು. ಸರದಿಯ ಪ್ರಕಾರ ಕೆಲಸ, ಸತ್ತವರ ಮನೆಯವರಿಗೆ ನೆರವಿನ ನಿಧಿ. ಆ ಸಂಘ ಇವತ್ತಿಗೂ ಇದೆ. ಜಗತ್ತಿನ ಅತಿ ಹಳೆಯ ಗೈಡ್ ಸಂಘ ಅದು. ಅದರ ಹಿಂದೆ ಮೂರು ಮನೆಗಳ ದುಃಖ ಇದೆ ಎನ್ನುವುದು ಬುಕ್ ಮಾಡುವ ನಮಗೆ ಗೊತ್ತಿರಬೇಕು.

ಆ ಮೂವರ ಅವಶೇಷಗಳು ಈ ಬೆಟ್ಟದಿಂದ ನಿಧಾನವಾಗಿ ಕೆಳಗೆ ಸರಿಯುವ ಬೊಸ್ಸೋಂ ಹಿಮನದಿಯ ಕೆಳ ತುದಿಯಲ್ಲಿ ಹೊರಬರಲು ಶುರುವಾದದ್ದು 1861ರಲ್ಲಿ. ನಲವತ್ತೊಂದು ವರ್ಷ ಆಗಿತ್ತು. ಅವತ್ತು ಬದುಕುಳಿದಿದ್ದ ಒಬ್ಬ ಗೈಡ್ ಮುದುಕರಾಗಿ ಇನ್ನೂ ಇದ್ದರು. ತಮ್ಮ ಜೊತೆಗಾರರನ್ನು ಗುರುತು ಹಿಡಿಯಲು ಅವರೇ ಬರಬೇಕಾಯಿತು.

ಅದೇ ಹಿಮನದಿ ನಮ್ಮ ದೇಶದ ಪತ್ರಿಕೆಗಳನ್ನೂ ಕೆಳಗೆ ತಂದು ಹಾಕಿದೆ. 2020ರಲ್ಲಿ ಸಿಕ್ಕ ಆ ಹಾಳೆಗಳಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗುವ ಸುದ್ದಿ ಇತ್ತು. 1966ರ ಜನವರಿ 24ರಂದು ಈ ಬೆಟ್ಟಕ್ಕೆ ಬಡಿದ ಏರ್ ಇಂಡಿಯಾದ 'ಕಾಂಚನಜುಂಗಾ' ವಿಮಾನದಲ್ಲಿದ್ದ ಪತ್ರಿಕೆಗಳವು. 117 ಜನ ಸತ್ತರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ ಅಣು ವಿಜ್ಞಾನಿ ಹೋಮಿ ಭಾಭಾ ಅವರಲ್ಲೊಬ್ಬರು. ಇದು ಬಹಳ ಜನರಿಗೆ ಗೊತ್ತು. ಅದಕ್ಕೂ ಹದಿನೈದು ವರ್ಷ ಹಿಂದಿನದು ಅಷ್ಟು ಗೊತ್ತಿಲ್ಲ. 1950ರ ನವೆಂಬರ್‌ನಲ್ಲಿ ಏರ್ ಇಂಡಿಯಾದ್ದೇ 'ಮಲಬಾರ್ ಪ್ರಿನ್ಸೆಸ್' ಇಲ್ಲಿಗೇ ಬಡಿದು 48 ಜನ ಹೋದರು. ಹೆಚ್ಚಿನವರು ಹಡಗಿನ ಕೆಲಸಕ್ಕೆ ಹೊರಟಿದ್ದ ಭಾರತೀಯ ನಾವಿಕರು. ಅವರಲ್ಲಿ ಯಾರಾದರೂ ಬದುಕಿರಬಹುದೇನೋ ಎಂದು ಹುಡುಕಿಕೊಂಡು ಹೋದ ತಂಡದಲ್ಲಿ ರೆನೆ ಪಾಯೊ ಎಂಬ ಶಾಮೊನಿ ಗೈಡ್ ಹಿಮದಲ್ಲಿ ಜೀವ ಬಿಟ್ಟರು. ಯಾರೆಂದೇ ಗೊತ್ತಿಲ್ಲದ ನಮ್ಮ ಜನಕ್ಕಾಗಿ. ಆ ಊರಿನ ಗೈಡ್‌ಗೆ ಒಂದು ಸ್ಟಾರ್ ಒತ್ತುವ ಭಾರತೀಯರು ಈ ಹೆಸರನ್ನು ಒಂದು ಸಲ ನೆನೆಯಲಿ ಎನ್ನುವುದು ನನ್ನ ಆಸೆ.

ಈಗ ದುಡ್ಡಿನ ಮಾತು, ಇಷ್ಟೊಂದು ಯಾಕೆ ಅಂತ. ಮಾಂಟ್ ಬ್ಲಾಂಕ್ ತುದಿಗೆ ಒಬ್ಬ ಗೈಡ್ ಜೊತೆ ಹಗ್ಗದಲ್ಲಿ ಇಬ್ಬರೇ. ತುದಿಗೆ ಹೋಗುವ ಕೊನೆಯ ಏಣು ತೀರಾ ಕಿರಿದು. ಒಬ್ಬರು ಜಾರಿದರೆ ಉಳಿದವರನ್ನು ಎಳೆದುಕೊಂಡು ಹೋಗುವ ಮೊದಲೇ ಗೈಡ್ ತಡೆಯಬೇಕು. ಇಬ್ಬರಿಗಿಂತ ಜಾಸ್ತಿ ಇದ್ದರೆ ಅದು ಆಗದ ಮಾತು. ಮೊದಲ ಕೆಲವು ದಿನ ಬೇರೆ ಬೆಟ್ಟದಲ್ಲಿ, ಬಹಳ ಸಲ ಇಟಲಿಯ 4061 ಮೀಟರ್‌ನ ಗ್ರಾನ್ ಪರಡೀಸೊದಲ್ಲಿ, ಕ್ರಾಂಪನ್ (ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳು) ಕಟ್ಟಿ ನಡೆಯುವುದನ್ನು ಕಲಿಸುತ್ತಾರೆ. ಎತ್ತರಕ್ಕೆ ಮೈ ಒಗ್ಗಿಸುತ್ತಾರೆ. ಜೊತೆಗೆ ನಿಮ್ಮನ್ನು ಗಮನಿಸುತ್ತಿರುತ್ತಾರೆ. ಅಲ್ಲೇ "ಈ ಸಲ ಬೇಡ" ಅಂದರೂ ಬೇಸರ ಮಾಡಿಕೊಳ್ಳಬೇಡಿ.

ಈ ಖರ್ಚನ್ನೆಲ್ಲ ಉಳಿಸಲು ಗೈಡ್ ಇಲ್ಲದೆ, ಮಾಮೂಲಿ ಶೂ ಹಾಕಿಕೊಂಡು ಹೊರಟುಬಿಡುವವರೂ ಇದ್ದಾರೆ. 2022ರಲ್ಲಿ ಫ್ರಾನ್ಸ್ ಕಡೆಯ ಸಾಂ ಜೆರ್ವೆ ಊರಿನ ಮೇಯರ್ ರೋಸಿಹೋಗಿ, ಹತ್ತುವವರು 15,000 ಯೂರೋ ಠೇವಣಿ ಇಡಲಿ, ಹತ್ತು ಸಾವಿರ ರಕ್ಷಣೆಗೆ, ಐದು ಸಾವಿರ ಶವಸಂಸ್ಕಾರಕ್ಕೆ ಎಂದರು. ಇಟಲಿ ಕಡೆಯ ಮೇಯರ್ ಒಪ್ಪಲಿಲ್ಲ. ನನಗೂ ಠೇವಣಿ ಸರಿ ಕಾಣಲಿಲ್ಲ, ಬೆಟ್ಟ ಬರೀ ದುಡ್ಡಿದ್ದವರದ್ದಾಗಬಾರದು. ಆದರೆ ಆ ಸಿಟ್ಟು ನ್ಯಾಯವಾದದ್ದು.

ಮುಂದಿನ ವರ್ಷಕ್ಕೆ ಬುಕ್ ಮಾಡುವ ಯೋಚನೆ ಇದ್ದರೆ ಕೈಯಲ್ಲಿ ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ. ಹಟ್‌ನಲ್ಲಿ ಹಾಸಿಗೆ ಕಾದಿರಿಸದೆ ಹೋಗಬೇಡಿ, ಅದು ಕಡ್ಡಾಯ. ಕಂಪನಿಯವರಿಗೆ ಎಷ್ಟು ಜನರನ್ನು ತುದಿ ಮುಟ್ಟಿಸಿದ್ದೀರಿ ಎಂದು ಕೇಳುವ ಬದಲು, ಅರ್ಧದಿಂದ ಇಳಿಸಿದರೆ ಗೈಡ್‌ಗೆ ಆ ದಿನದ ಸಂಬಳ ಪೂರ್ತಿ ಸಿಗುತ್ತದಾ ಎಂದು ಕೇಳಿ. ಇಲ್ಲ ಎಂದರೆ ಬೇರೆ ಕಂಪನಿ ನೋಡಿ.