ಬೆಂಗಳೂರಿನೊಳಗೆ ಹಗಲು ಹೊತ್ತು ಭಾರಿ ಲಾರಿ ಬೇಕೇ?

ನಿಷೇಧದ ಪರ: ಬೇಡ, ನಿಲ್ಲಿಸಿ

ಗೊರಗುಂಟೆಪಾಳ್ಯದ ಸಿಗ್ನಲ್ ಬಿಟ್ಟಾಗ ಸಾಲಿನ ಮುಂದೆ ಉಕ್ಕಿನ ಕಾಯಿಲ್ ಹೊತ್ತ ಟ್ರೇಲರ್ ಇದ್ದರೆ ಏನಾಗುತ್ತದೆಂದು ತುಮಕೂರು ರಸ್ತೆಯಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. ಅದು ಗೇರ್ ಬದಲಿಸಿ ವೇಗ ಹಿಡಿಯುವಷ್ಟರಲ್ಲಿ ಮತ್ತೆ ಕೆಂಪು ದೀಪ. ಹಿಂದಿದ್ದ ಬಸ್ಸು ಇದ್ದಲ್ಲೇ ಇರುತ್ತದೆ. ಆಕ್ಸಲ್ ಮುರಿದು ನಿಂತರಂತೂ ಕ್ರೇನ್ ಬರುವ ತನಕ ಯಾರೂ ಅಲುಗಾಡುವಂತಿಲ್ಲ.

ಇದೇ ರಸ್ತೆಯ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಸಂಚಾರ ನಿಲ್ಲಿಸಿದರು. 2022ರ ಫೆಬ್ರವರಿಯಲ್ಲಿ ಕಾರುಗಳಿಗೆ ದಾರಿ ಬಿಟ್ಟರು, ಲಾರಿಗಳಿಗೆ ಬಿಟ್ಟದ್ದು 2024ರ ಜುಲೈ ಕೊನೆಗೆ. ಅಷ್ಟೂ ಕಾಲ ಭಾರಿ ವಾಹನಗಳೆಲ್ಲ ಕೆಳಗಿನ ರಸ್ತೆಗೇ ಬಿದ್ದವು. ಆಗ ಅಲ್ಲಿ ಸಿಕ್ಕಿಹಾಕಿಕೊಂಡವರ್ಯಾರೂ ಈ ಪ್ರಶ್ನೆಗೆ ಎರಡು ಉತ್ತರ ಇದೆ ಎನ್ನಲಾರರು. ಊರೊಳಗೆ ಕೆಲಸವೇ ಇಲ್ಲದ ಲಾರಿಗಳಿಗೆ ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ಹೊಸಕೋಟೆ ವರ್ತುಲ ರಸ್ತೆ ಇದೆಯಲ್ಲ?

ನಿಷೇಧಕ್ಕೆ ವಿರೋಧ: ನಿಲ್ಲಿಸಿದರೆ ದಟ್ಟಣೆ ಹೆಚ್ಚುತ್ತದೆ

ಹಾದುಹೋಗುವ ಲಾರಿಯನ್ನು ಹೊರಗಿಂದಲೇ ಕಳಿಸಿ, ತಕರಾರಿಲ್ಲ. ಪೀಣ್ಯಕ್ಕೇ ಬರಬೇಕಾದ ಲಾರಿಯ ಕಥೆಯೇನು? 1970ರ ದಶಕದಲ್ಲಿ ಊರಾಚೆ ಎಂದುಕೊಂಡು ಕಟ್ಟಿದ ಕೈಗಾರಿಕಾ ಪ್ರದೇಶವದು. ಮನೆಗಳು ಅದರ ಸುತ್ತ ಆಮೇಲೆ ಬಂದವು.

ಅಲ್ಲಿನ ಜಾಬ್‌ವರ್ಕ್, ಅಂದರೆ ಬೇರೆಯವರಿಗಾಗಿ ಕೂಲಿಗೆ ಮಾಡಿಕೊಡುವ ಕೆಲಸ, ನೋಡಿ. ಉಕ್ಕಿನ ರಾಡು ಒಂದು ಶೆಡ್ಡಿನಲ್ಲಿ ತುಂಡಾಗಿ ಲೇತ್ ಏರುತ್ತದೆ, ಹೀಟ್ ಟ್ರೀಟ್‌ಮೆಂಟಿಗೆ ಮತ್ತೊಂದು ಶೆಡ್, ಪ್ಲೇಟಿಂಗ್‌ಗೆ ಇನ್ನೊಂದು. ನಾಲ್ಕು ಯಂತ್ರ ಇಟ್ಟುಕೊಂಡವನಿಗೆ ವಾರದ ಸರಕು ಪೇರಿಸಿಡಲು ಗೋಡೌನ್ ಎಲ್ಲಿಂದ ಬರಬೇಕು? ರಾತ್ರಿ ಇಳಿಸೋಣವೆಂದರೆ ಹಮಾಲರಿಗೆ ಹೆಚ್ಚು ಕೂಲಿ, ಪಕ್ಕದ ಮನೆಯವರಿಂದ ಪೊಲೀಸರಿಗೆ ಫೋನು.

ಲಾರಿ ತಡೆದರೆ ಸರಕು ನಿಲ್ಲುವುದಿಲ್ಲ. 9 ಟನ್ ಮಾಲು ನೆಲಮಂಗಲದಲ್ಲಿ ಇಳಿದು, ತಲಾ 750 ಕೆ.ಜಿ. ಹೊರುವ ಟಾಟಾ ಏಸ್‌ಗಳಿಗೆ ಏರುತ್ತದೆ. ಒಂದು ಲಾರಿಯ ಬದಲು 12 ಗಾಡಿ, 12 ಚಾಲಕರು, ಅದೇ ರಸ್ತೆ! ಘಟಕದಲ್ಲೇ ಕಲಸಿ ತರುವ ರೆಡಿಮಿಕ್ಸ್ ಕಾಂಕ್ರೀಟನ್ನು ಹಾಗೆ ಹಂಚಲೂ ಆಗದು, ಸುಮಾರು ಎರಡು ಗಂಟೆಯೊಳಗೆ ಸುರಿಯಲೇಬೇಕು. ಮೆಟ್ರೊ ಕಂಬ ಎಬ್ಬಿಸುವುದೂ ಅದೇ ಕಾಂಕ್ರೀಟು.

ಬೆಳಿಗ್ಗೆ–ಸಂಜೆಯ ನಿರ್ಬಂಧ ಈಗಲೂ ಇದೆ. ಊರಂಚಿನಲ್ಲಿ ಸಾಲುಗಟ್ಟಿ ಕಾದ ಲಾರಿಗಳು ಗಡುವು ಮುಗಿದ ಕೂಡಲೇ ಒಟ್ಟಿಗೆ ನುಗ್ಗುತ್ತವೆ. ಇಡೀ ಹಗಲು ತಡೆದರೆ ಆ ಸಾಲು ಇನ್ನೆಷ್ಟು ದೂರ ಬೆಳೆದೀತು, ಅಲ್ಲಿ ದಿನವಿಡೀ ಕಾಯುವ ಚಾಲಕರಿಗೆ ನಿಲ್ಲಲು ಜಾಗ, ಒಂದು ಶೌಚಾಲಯ ಯಾರು ಕೊಡುತ್ತಾರೆ?