ಮುಟ್ಟಿದ್ರೆ ಜೋಕೆ

ಮಿಷಿಗನ್‌ನಲ್ಲಿ ಜನವರಿ ಅಂದರೆ ಮೂಗಿನೊಳಗಿನ ಕೂದಲೂ ಗಟ್ಟಿಯಾಗುವ ಕಾಲ. ನಮ್ಮ ಮನೆಯ ಫರ್ನೇಸ್ ಸರಿಯಾಗಿ ಆಗಲೇ ಕೈಕೊಟ್ಟಿತು. ಊರಲ್ಲಿರುವವರಿಗೆ ಹೇಳಬೇಕೆಂದರೆ ಫರ್ನೇಸ್ ಎನ್ನುವುದು ನೆಲಮಾಳಿಗೆಯಲ್ಲಿ ನಿಂತಿರುವ, ಸಣ್ಣ ಬೀರುವಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಒಳಗೆ ಗ್ಯಾಸ್ ಉರಿಯುತ್ತದೆ, ಫ್ಯಾನು ಬಿಸಿಗಾಳಿಯನ್ನು ಮನೆ ತುಂಬಾ ತಳ್ಳುತ್ತದೆ. ನಮ್ಮದಕ್ಕೆ ವಯಸ್ಸಾಗಿತ್ತು. ನೋಡಲು ಬಂದ ಮೆಕ್ಯಾನಿಕ್, ಉರಿಯ ಬಿಸಿಯನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಬಿರುಕು ಬಿಟ್ಟಿದೆ ಎಂದು ಅಲ್ಲೇ ಗ್ಯಾಸ್ ಬಂದ್ ಮಾಡಿದ. ಬಿರುಕಿನಿಂದ ಕಾರ್ಬನ್ ಮಾನಾಕ್ಸೈಡ್ ಮನೆಗೆ ನುಗ್ಗಬಹುದಂತೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೂ ಇಲ್ಲ.

"ಯೂಟ್ಯೂಬ್ ನೋಡ್ಕೊಂಡು ನೀನೇ ಹೊಸದು ಹಾಕ್ಕೋ ಮಾರಾಯ, ಅರ್ಧಕ್ಕರ್ಧ ಉಳಿಯುತ್ತೆ" ಎಂದ ಗೆಳೆಯ. ನಾನು ಆಸೆಯಿಂದ ಹೆಂಡತಿಯ ಮುಖ ನೋಡಿದೆ. "ಹೋದ ವರ್ಷ ನಲ್ಲಿ ವಾಷರ್ ಬದಲಾಯಿಸಿದ್ರಲ್ಲ, ನೆನಪಿದ್ಯಾ?" ಎಂದಳು. ನೆನಪಿತ್ತು. ಕೆಳಗಿನ ರೂಮಿನ ಕಾರ್ಪೆಟ್ಟಿಗೂ ನೆನಪಿತ್ತು. ಲೈಸೆನ್ಸ್ ಇರುವವನನ್ನೇ ಕರೆಸಿದೆವು. ಅವನೇ ಸಿಟಿಯಿಂದ ಪರ್ಮಿಟ್ಟೂ ತೆಗೆಸಿದ.

ಆರು ತಿಂಗಳಿಗೆಂದು ಹಾಸನದಿಂದ ಬಂದಿದ್ದ ಅಮ್ಮ ಮಂಕಿ ಕ್ಯಾಪ್ ಹಾಕಿಕೊಂಡು, ಶಾಲು ಹೊದ್ದು, ನೆಲಮಾಳಿಗೆಯಲ್ಲೇ ಕುರ್ಚಿ ಹಾಕಿಸಿಕೊಂಡು ಇಡೀ ಕೆಲಸ ನೋಡಿದಳು. ಮೆಕ್ಯಾನಿಕ್ ಗ್ಯಾಸ್ ಪೈಪಿನ ಒಂದೊಂದು ಜಾಯಿಂಟಿಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತಾ ಎಂದು ಬಗ್ಗಿ ನೋಡುತ್ತಿದ್ದ. "ನಮ್ಮ ಸಿಲಿಂಡರ್ ಹುಡುಗನೂ ಹಿಂಗೇ ನೋಡೋದು" ಎಂದು ಅಮ್ಮ ಅವನಿಗೆ ಪೂರ್ತಿ ಮಾರ್ಕ್ಸ್ ಕೊಟ್ಟಳು. ಹೊಗೆ ಹೋಗಲು ಅವನು ಬಿಳಿ ಪ್ಲಾಸ್ಟಿಕ್ ಪೈಪು ಜೋಡಿಸಿದಾಗ ಮಾತ್ರ ಆ ಮಾರ್ಕ್ಸ್ ವಾಪಸ್ ತಗೊಂಡಳು. "ಬೆಂಕಿಗೆ ಪ್ಲಾಸ್ಟಿಕ್ಕಾ? ಕರಗಿಹೋಗಲ್ವೇನೋ?" ಹೊಸ ಮಾದರಿಯ ಫರ್ನೇಸ್ ಹೊಗೆಯಲ್ಲಿರುವ ಬಿಸಿಯನ್ನೂ ಹಿಂಡಿ ಹಿಂಡಿ ತೆಗೆಯುತ್ತದೆ, ಹೊರಗೆ ಹೋಗುವಷ್ಟರಲ್ಲಿ ಅದು ತಣ್ಣಗಾಗಿ ನೀರೂ ತೊಟ್ಟಿಕ್ಕುತ್ತದೆ ಎಂದು ವಿವರಿಸಿದೆ. "ಹೊಗೆಯಿಂದ ನೀರು!" ಎಂದು ನನ್ನನ್ನೇ ಅನುಮಾನದಿಂದ ನೋಡಿದಳು. ಬಚ್ಚಲಮನೆ ಹಂಡೆಗೆ ಐವತ್ತು ವರ್ಷ ಉರಿ ಹಾಕಿದವಳಿಗೆ ಇಂಥದ್ದನ್ನೆಲ್ಲ ಹೇಳಬಾರದು.

ಸಂಜೆ ಚಾಲೂ ಮಾಡಿದರು. ಮೊದಲು ಸಣ್ಣ ಫ್ಯಾನು ಗುಂಯ್ ಎಂದಿತು. ಕಿಟಕಿಯಂಥ ಕಿಂಡಿಯಲ್ಲಿ ಗ್ಯಾಸ್ ಹೊತ್ತಿಸುವ ಇಗ್ನೈಟರ್ ಕೆಂಪಗೆ ಕಾಯಿತು. ಭುಸ್ ಎಂದು ನೀಲಿ ಜ್ವಾಲೆ ಸಾಲಾಗಿ ಹತ್ತಿಕೊಂಡಿತು. ಅಮ್ಮ ಕೈ ಮುಗಿದಳು. ಸ್ವಲ್ಪ ಹೊತ್ತಿಗೆ ದೊಡ್ಡ ಫ್ಯಾನು ತಿರುಗಿತು, ಅದರ ಹಿಂದೆಯೇ ಮನೆಯೆಲ್ಲ ಸುಟ್ಟ ಎಣ್ಣೆ ವಾಸನೆ. ಹೊಸ ಲೋಹಕ್ಕೆ ಹಚ್ಚಿರುವ ಎಣ್ಣೆ ಮೊದಲ ಸಲ ಕಾದಾಗ ಉರಿದುಹೋಗುತ್ತದೆ, ಕಿಟಕಿ ತೆಗೆದಿಡಿ ಎಂದು ಮೆಕ್ಯಾನಿಕ್ ಮೊದಲೇ ಹೇಳಿದ್ದ. ಚಳಿಗೆ ಹೆದರಿ ನಾನು ತೆಗೆದಿರಲಿಲ್ಲ. ಹೊಗೆಯ ಅಲಾರಂ ಕಿರುಚಿಕೊಂಡಿತು. ನಾನು ಸ್ಟೂಲ್ ಹತ್ತಿ ಟವೆಲ್ ಬೀಸುತ್ತಿದ್ದೆ, ಹೆಂಡತಿ ಒಂದೊಂದೇ ಕಿಟಕಿ ತೆರೆಯುತ್ತಿದ್ದಳು. ಹೊಸ ಫರ್ನೇಸ್ ಹಾಕಿಸಿದ ದಿನ ಮನೆಯಲ್ಲಿ ಹಿಂದೆಂದೂ ಇಲ್ಲದಷ್ಟು ಚಳಿ.

ಅಸಲಿ ಕಥೆ ನಾಲ್ಕನೇ ದಿನದ್ದು. ಬೆಳಗಿನ ಜಾವ ಎದ್ದರೆ ಮನೆ ಐಸ್‌ಪೆಟ್ಟಿಗೆ. ಮನೆ ಎಷ್ಟು ಬಿಸಿ ಇರಬೇಕೆಂದು ಫರ್ನೇಸಿಗೆ ಹೇಳುವ ಥರ್ಮೋಸ್ಟ್ಯಾಟಿನಲ್ಲಿ 68 ಇಟ್ಟಿದ್ದೆ, ನಮ್ಮ ಲೆಕ್ಕದಲ್ಲಿ 20 ಡಿಗ್ರಿ. ತೋರಿಸುತ್ತಿದ್ದದ್ದು 52. ಬ್ಯಾಟರಿಯಲ್ಲಿ ನಡೆಯುವ ಯಂತ್ರ, 'ಹೀಟ್ ಆನ್' ಎಂದು ನಾಚಿಕೆಯಿಲ್ಲದೆ ಬರೆದುಕೊಂಡು ಕೂತಿತ್ತು. ಕೆಳಗೆ ಓಡಿದೆ. ಗ್ಯಾಸ್ ವಾಸನೆ ಇಲ್ಲ. ಹೊರಗೆ ಹೋಗಿ ಪ್ಲಾಸ್ಟಿಕ್ ಪೈಪಿನ ಬಾಯಿಗೆ ಹಿಮ ಮುಚ್ಚಿದೆಯಾ ನೋಡಿದೆ, ಇಲ್ಲ. ಬ್ರೇಕರ್ ಸರಿ ಇದೆ. ಫರ್ನೇಸಿನ ಬಾಗಿಲು ತೆಗೆದು ಒಳಗಿನ ದೀಪ ನೋಡಿದೆ, ಆರಿತ್ತು. ಆ ಬಾಗಿಲು ತೆಗೆದರೆ ಕರೆಂಟು ತಾನಾಗಿಯೇ ಕಟ್ ಆಗುವಂತೆ ಇಟ್ಟಿರುತ್ತಾರೆ, ಹಾಗಾಗಿ ದೀಪ ಆರಿಯೇ ಇರುತ್ತದೆ ಎಂದು ಆಮೇಲೆ ಗೊತ್ತಾಯಿತು. ಪುಸ್ತಕ ತೆಗೆದೆ. ಮೊದಲ ಪ್ರಶ್ನೆ: ಪವರ್ ಸ್ವಿಚ್ ಆನ್ ಇದೆಯೇ? ಅಷ್ಟೂ ಗೊತ್ತಾಗಲ್ವಾ ನಂಗೆ ಎಂದು ಗೋಡೆ ನೋಡಿದೆ. ಸ್ವಿಚ್ ಕೆಳಮುಖ ಇತ್ತು. ಸರಿ, ಆನ್. ಮುಂದಿನ ಪ್ರಶ್ನೆ.

ಎರಡು ಗಂಟೆ ಬಿಟ್ಟು ಮೆಕ್ಯಾನಿಕ್ ಬಂದ. ಟೂಲ್ ಬಾಕ್ಸ್ ಕೆಳಗಿಡಲೂ ಇಲ್ಲ. ಗೋಡೆಯ ಸ್ವಿಚ್ಚನ್ನು ಒಂದೇ ಬೆರಳಲ್ಲಿ ಮೇಲಕ್ಕೆ ತಳ್ಳಿದ. ಗುಂಯ್ ಎಂದಿತು.

ಊರಲ್ಲಿ ಸ್ವಿಚ್ ಕೆಳಗೆ ಒತ್ತಿದರೆ ಆನ್. ಇಲ್ಲಿ ಮೇಲೆತ್ತಿದರೆ ಆನ್. ಹನ್ನೊಂದು ವರ್ಷದಿಂದ ಈ ದೇಶದಲ್ಲಿದ್ದೇನೆ, ನಿದ್ದೆಗಣ್ಣು ಮಾತ್ರ ಇನ್ನೂ ಹಾಸನದ್ದೇ. ಆರಿಸಿದ್ದು ಯಾರು ಎಂದು ಕೇಳಬೇಕಾಗಿಯೇ ಇರಲಿಲ್ಲ. ಹಿಂದಿನ ರಾತ್ರಿ ವಾಷಿಂಗ್ ಮೆಷೀನಿನಿಂದ ಬಟ್ಟೆ ತರಲು ಇಳಿದಿದ್ದ ಅಮ್ಮ, ಲೈಟಿನ ಜೊತೆ ಪಕ್ಕದ ಸ್ವಿಚ್ಚನ್ನೂ ಆರಿಸಿ ಬಂದಿದ್ದಳು. ನೋಡಲು ಎರಡೂ ಒಂದೇ ಥರ. "ಯಾವುದಕ್ಕೂ ಇರಲಿ ಅಂತ ಎರಡೂ ಆರಿಸ್ದೆ. ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾರಾ?" ಒಂದು ಸೆಕೆಂಡಿನ ಕೆಲಸಕ್ಕೆ 150 ಡಾಲರ್ ಬಿಲ್ಲು. ವಾರಂಟಿಯಲ್ಲಿ ಬರಲ್ವಾ ಎಂದು ಕೇಳಿದೆ. ವಾರಂಟಿ ಫರ್ನೇಸಿಗೆ ಮಾತ್ರ ಎಂದ ಅವನು, ಬಹಳ ಮರ್ಯಾದೆಯಿಂದ.

ತಪ್ಪು ಮಾಡಿದವಳೇ ಪರಿಹಾರವನ್ನೂ ಮಾಡಿದಳು. ಸ್ವಿಚ್ಚಿನ ಮೇಲೆ ಅಡ್ಡಡ್ಡ ಟೇಪು ಬಡಿದು, ಮಾರ್ಕರಿನಲ್ಲಿ ದೊಡ್ಡದಾಗಿ 'ಮುಟ್ಟಿದ್ರೆ ಜೋಕೆ' ಎಂದು ಬರೆದಳು. ಮುಂದಿನ ವಾರ ಸಿಟಿ ಇನ್‌ಸ್ಪೆಕ್ಟರ್ ಬಂದ. ಗ್ಯಾಸ್ ಪೈಪು, ಹೊಗೆ ಪೈಪು, ನೀರು ಹೋಗುವ ಪೈಪು ಎಲ್ಲ ನೋಡಿ ಸಹಿ ಹಾಕಿದ. ಕೊನೆಗೆ ಟೇಪಿನ ಮುಂದೆ ನಿಂತು, ಇದೇನು ಬರೆದಿರೋದು ಎಂದ. ಎಚ್ಚರಿಕೆ ಫಲಕ ಎಂದೆ. ಗಂಭೀರವಾಗಿ ತಲೆಯಾಡಿಸಿದ.

ಇಬ್ಬರೂ ಮೆಟ್ಟಿಲು ಹತ್ತುತ್ತಿದ್ದೆವು. ಮೇಲಿನಿಂದ ಅಮ್ಮನ ದನಿ ಬಂತು: "ಕೆಳಗಡೆ ಲೈಟ್ ಆರಿಸ್ದೇನೋ?"